ಸಾಹೇಬರ ಕುದುರೆಗೂ ಒಂದು ಹೆಸರಿತ್ತು

ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾಯಿತು. ನಮ್ಮ ಬದುಕನ್ನು ಜಟಕಾ ಗಾಡಿಗೂ, ವಿಧಿಯನ್ನು ಅದನ್ನು ಹೊಡೆಯುವ ಸಾಹೇಬನಿಗೂ ಹೋಲಿಸುವ ಅದರ ಒಂದು ಪದ್ಯವನ್ನು ಕೇಳದ ಕನ್ನಡಿಗರು ಕಡಿಮೆ. ಸಭೆ ಸಮಾರಂಭಗಳ ಭಾಷಣದಲ್ಲಿ ಅದು ಬರುತ್ತದೆ, ಲಗ್ನಪತ್ರಿಕೆಯಲ್ಲೂ ತಿಥಿಪತ್ರದಲ್ಲೂ ಬರುತ್ತದೆ. ಪದ್ಯದ ಅರ್ಥವನ್ನು ವಿವರಿಸುವವರು ಸಾಮಾನ್ಯವಾಗಿ ವಿಧಿಯ ಬಗ್ಗೆ, ಮನುಷ್ಯನ ಅಸಹಾಯಕತೆಯ ಬಗ್ಗೆ ಮಾತನಾಡುತ್ತಾರೆ. ವಿಧಿಗೆ ‘ಸಾಹೇಬ’ ಎಂಬ ಹೆಸರು ಎಲ್ಲಿಂದ ಬಂತು ಎಂದು ಕೇಳುವವರು ವಿರಳ.

ಉತ್ತರ ಸರಳ. ಅಂದಿನ ಬೆಂಗಳೂರಿನಲ್ಲಿ ಜಟಕಾ ಹೊಡೆಯುತ್ತಿದ್ದವರಲ್ಲಿ ಬಹುಪಾಲು ಮಂದಿ ಮುಸ್ಲಿಮರು. ಜಟಕಾದವನನ್ನು ‘ಸಾಹೇಬರೇ’ ಎಂದು ಕರೆಯುವುದು ಊರಿನ ರೂಢಿ. ಡಿ.ವಿ.ಜಿ. ಹುಡುಕಿಕೊಂಡು ಹೋಗಿ ತಂದ ಉಪಮೆ ಅದಲ್ಲ, ಬೀದಿಯಲ್ಲಿ ಕಂಡದ್ದನ್ನೇ ಎತ್ತಿಕೊಂಡರು. ಕಾವ್ಯದಲ್ಲಿ ಆ ಸಾಹೇಬ ಎಲ್ಲರನ್ನೂ ನಡೆಸುವ ವಿಧಿಯಾದ. ನಿಜಜೀವನದ ಸಾಹೇಬನಿಗೆ ಅಷ್ಟು ಅಧಿಕಾರವಿರಲಿಲ್ಲ. ಅವನ ವಿಧಿ ಅವನ ಕುದುರೆಯ ನಾಲ್ಕು ಕಾಲುಗಳ ಮೇಲೆ ನಿಂತಿತ್ತು. ಆ ಕುದುರೆ ಸತ್ತರೆ ಅವನಿಗೆ ಏನಾಗುತ್ತಿತ್ತು ಎಂಬುದು ಈ ಲೇಖನದ ವಿಷಯ.

ಬೆಂಗಳೂರಿನ ಪಶ್ಚಿಮ ಭಾಗವನ್ನು ಇಂದು ನೋಡುವವರಿಗೆ ಅಲ್ಲಿ ಕುದುರೆಗಳ ಲೋಕವೊಂದಿತ್ತೆಂದರೆ ನಂಬಿಕೆ ಬರಲಿಕ್ಕಿಲ್ಲ. ಮಾರ್ಕೆಟ್‌ನಿಂದ ಹೊರಟ ಮೈಸೂರು ರಸ್ತೆ ಗೋರಿಪಾಳ್ಯದ ಪಕ್ಕದಲ್ಲಿ ಹಾದು ಕೆಂಗೇರಿಗೆ ಹೋಗುತ್ತದೆ. ಮಾಗಡಿ ರಸ್ತೆ ಬಿನ್ನಿಪೇಟೆಯ ಮಗ್ಗುಲಿನಿಂದ ಪಶ್ಚಿಮಕ್ಕೆ ಸಾಗುತ್ತದೆ. ಇವೆರಡರ ನಡುವೆ ಇಂದಿನ ವಿಜಯನಗರ, ಉತ್ತರಕ್ಕೆ ರಾಜಾಜಿನಗರ, ಬಸವೇಶ್ವರನಗರ. ಇವೆಲ್ಲ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮತ್ತು ಆ ಬಳಿಕ ಬೆಳೆದ ಬಡಾವಣೆಗಳು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ 1940ರಲ್ಲಿ ಬಸ್ಸು ಓಡಿಸಲು ಆರಂಭಿಸಿತ್ತಾದರೂ ಹೊಸ ಬಡಾವಣೆಗಳ ಮಣ್ಣುಹಾದಿಗೆ ಬಸ್ಸು ಬರಲು ಕಾಲ ಹಿಡಿಯಿತು. ರೈಲಿನಿಂದ ಟ್ರಂಕು, ಹಾಸಿಗೆ ಸುರುಳಿಗಳೊಂದಿಗೆ ಇಳಿದ ಸಂಸಾರಗಳನ್ನು ಆ ಹಾದಿಗಳಲ್ಲಿ ಮನೆ ಮುಟ್ಟಿಸಿದವರು ಜಟಕಾ ಸಾಹೇಬರು.

ಹಿರಿಯ ಓದುಗರಿಗೆ ಆ ಗಾಡಿಯ ನೆನಪಿರಬಹುದು. ಎರಡು ದೊಡ್ಡ ಗಾಲಿ, ಮೇಲೆ ಕಮಾನಿನ ಹೊದಿಕೆ, ಒಳಗೆ ಆಸನದ ಬದಲು ಹುಲ್ಲು ಹಾಸಿ ಅದರ ಮೇಲೆ ಚಾಪೆ. ಹತ್ತುವುದು ಹಿಂದಿನಿಂದ. ಗಾಡಿ ಹೊರಡುವ ಮೊದಲು ಸಾಹೇಬರ ಒಂದು ಕೂಗು ತಪ್ಪದೆ ಬರುತ್ತಿತ್ತು: “ಸ್ವಲ್ಪ ಮುಂದೆ ಬನ್ನಿ ಸ್ವಾಮಿ.” ಇದನ್ನು ಗದರಿಕೆಯೆಂದು ತಿಳಿದು ಮುಖ ಸಿಂಡರಿಸಿದವರುಂಟು. ಅಸಲಿಗೆ ಅದು ಕುದುರೆಯ ಪರವಾದ ಮಾತು. ಎರಡು ಗಾಲಿಯ ಗಾಡಿಯಲ್ಲಿ ಭಾರ ಹಿಂದೆ ಬಿದ್ದರೆ ಮೂಕಿ ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ. ಮುಂದೆ ಬಿದ್ದರೆ ಬೆನ್ನು ಕುಸಿಯುತ್ತದೆ. ಪ್ರಯಾಣಿಕರ ತೂಕವನ್ನು ಕಣ್ಣಲ್ಲೇ ಅಳೆದು, ದಪ್ಪನೆಯವರನ್ನು ಎಲ್ಲಿ ಕೂರಿಸಬೇಕು, ಮಕ್ಕಳನ್ನು ಎಲ್ಲಿ ತುರುಕಬೇಕು ಎಂದು ನಿರ್ಧರಿಸುವುದು ಸಾಹೇಬರ ವಿದ್ಯೆ.

ಕುದುರೆಗೆ ಬೇಯಿಸಿದ ಹುರುಳಿ, ಬೂಸಾ, ಹಸಿ ಹುಲ್ಲು. ಮನೆಯಲ್ಲಿ ಮಕ್ಕಳಿಗೆ ಗಂಜಿಯಾದರೂ ಕುದುರೆಗೆ ಹುರುಳಿ ತಪ್ಪಿಸುವಂತಿರಲಿಲ್ಲ. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಲಾಳ ಬದಲಿಸಬೇಕು. ಟಾರು ರಸ್ತೆ ಬಂದ ಮೇಲೆ ಇದು ಇನ್ನಷ್ಟು ತಾಪತ್ರಯ, ಏಕೆಂದರೆ ಮಳೆ ಬಿದ್ದ ಟಾರಿನ ಮೇಲೆ ಸವೆದ ಲಾಳ ಜಾರುತ್ತದೆ. ಲಾಳ ಹೊಡೆಯುವ ಕಸುಬಿನವರನ್ನು ನಮ್ಮಲ್ಲಿ ನಾಲಬಂದರು ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಆ ಹೆಸರಿನ ಮನೆತನಗಳಿವೆ. ಕಸುಬು ಹೋಗಿ ಮನೆತನದ ಹೆಸರು ಉಳಿದಿದೆ.

ಕನ್ನಡ ನಾಡಿಗೂ ಕುದುರೆಗೂ ಇರುವ ಸಂಬಂಧ ಮೊದಲಿನಿಂದಲೂ ನಷ್ಟದ ಲೆಕ್ಕದೊಡನೆ ಬೆಸೆದುಕೊಂಡಿದೆ. ಒಳ್ಳೆಯ ಯುದ್ಧದ ಕುದುರೆಗಳು ಅರಬಸ್ತಾನ ಮತ್ತು ಪಾರಸದಿಂದ ಹಡಗಿನಲ್ಲಿ ಬರಬೇಕಿತ್ತು. ಭಟ್ಕಳ, ಹೊನ್ನಾವರ, ಗೋವೆಯ ಬಂದರುಗಳು ಈ ವ್ಯಾಪಾರದಿಂದ ಬೆಳೆದವು. ವಾರಗಟ್ಟಲೆಯ ಸಮುದ್ರಯಾನದಲ್ಲಿ ಸಾಯುತ್ತಿದ್ದ ಕುದುರೆಗಳು ಅನೇಕ. ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವರ್ತಕ ನೂನಿಜ್ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ್ದಾನೆ. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುವಾಗ, ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ವರ್ತಕನಿಗೆ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವ್ಯಾಪಾರ ನಿಲ್ಲದಿರಲಿ ಎಂಬ ಅರಸನ ಜಾಣತನ ಅದು. ಆದರೂ ಒಂದು ಹಿಡಿ ಕೂದಲು ಹಿಡಿದು ದರ್ಬಾರಿನಲ್ಲಿ ನಿಂತ ವರ್ತಕನ ಚಿತ್ರ ನಮ್ಮ ಮನಸ್ಸಿನಿಂದ ಮಾಸುವುದಿಲ್ಲ.

ಬದುಕಿ ಬಂದ ಕುದುರೆಯನ್ನು ಉಳಿಸಿಕೊಳ್ಳುವುದೂ ಕಷ್ಟವೇ. ದಕ್ಷಿಣದಲ್ಲಿ ಕುದುರೆ ಸಾಕಲು ಬಲ್ಲವರೇ ಇಲ್ಲ, ಅದಕ್ಕೇ ಅವು ಬೇಗ ಸಾಯುತ್ತವೆ ಎಂದು 13ನೇ ಶತಮಾನದ ಕೊನೆಯಲ್ಲಿ ಮಾರ್ಕೋ ಪೋಲೋ ದೂರಿದ್ದ. ಆತನ ಮಾತು ತಮಿಳು ಕರಾವಳಿಯ ಬಗೆಗಿನದು. ನಮ್ಮವರು ಕಲಿಯದೆ ಕೂತಿರಲಿಲ್ಲ. ಕನ್ನಡದಲ್ಲಿ ಅಶ್ವವೈದ್ಯದ ಗ್ರಂಥಗಳು ರಚನೆಯಾದವು. ಬಹಮನಿ ಸುಲ್ತಾನರ ಕಾಲದಲ್ಲಿ ಕಲಬುರಗಿಯಲ್ಲಿ, ಶಾಲಿಹೋತ್ರನ ಹೆಸರಿನಲ್ಲಿ ಪ್ರಸಿದ್ಧವಾದ ಸಂಸ್ಕೃತದ ಅಶ್ವಶಾಸ್ತ್ರ ಪಾರಸಿಗೆ ಅನುವಾದವಾಯಿತು. ಆ ಶಾಲಿಹೋತ್ರನ ಹೆಸರೇ ಸವೆದು ಸವೆದು ಉರ್ದು ಮಾತಿನಲ್ಲಿ ‘ಸಲೋತ್ರಿ’ ಆಯಿತು. ಸಲೋತ್ರಿ ಎಂದರೆ ಕುದುರೆ ವೈದ್ಯ. ಲಾಯದಲ್ಲಿ ಕುದುರೆ ನರಳುವಾಗ ಸಾಹೇಬರು ಓಡಿಹೋಗಿ ಕರೆಯುತ್ತಿದ್ದ ವೈದ್ಯನ ಹೆಸರಿನಲ್ಲಿ ಒಬ್ಬ ಪ್ರಾಚೀನ ಋಷಿ ಅಡಗಿದ್ದ. ಸಂಸ್ಕೃತಿಗಳ ಬೆರಕೆಯ ಬಗ್ಗೆ ವೇದಿಕೆಗಳಲ್ಲಿ ದೊಡ್ಡ ದೊಡ್ಡ ಉದಾಹರಣೆ ಕೊಡುವವರು ಈ ಸಣ್ಣ ಪದವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಬಹುದು.

ಬೆಂಗಳೂರಿಗೆ ಬಂದ ಕುದುರೆ ವರ್ತಕರಲ್ಲಿ ಹೆಸರುಳಿಸಿಕೊಂಡವರು ಆಗಾ ಅಲಿ ಅಸ್ಕರ್. ಇರಾನಿನ ಶಿರಾಜ್‌ನಿಂದ 1824ರಲ್ಲಿ, ಹದಿನಾರರ ಹರೆಯದಲ್ಲಿ, ಸಹೋದರರೊಡನೆ ಕುದುರೆಗಳನ್ನು ತಂದವರು ಇಲ್ಲಿಯೇ ನೆಲೆಸಿದರು. ಅವರ ಗ್ರಾಹಕರು ಬ್ರಿಟಿಷ್ ಅಧಿಕಾರಿಗಳು ಮತ್ತು ಮೈಸೂರು ಅರಮನೆ. ಮುಂದೆ ಕಟ್ಟಡಗಳ ಗುತ್ತಿಗೆಯಲ್ಲಿ ಹೆಸರು ಮಾಡಿದರು. ಅವರ ಹೆಸರಿನ ರಸ್ತೆ ಇಂದಿಗೂ ಇದೆ. ಮೈಸೂರಿನ ದಿವಾನರಾಗಿ 1926ರಿಂದ 1941ರವರೆಗೆ ಆಡಳಿತ ನಡೆಸಿದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಬೆಳಗಿನ ಹೊತ್ತು ಕುದುರೆಯ ಮೇಲೆ ಊರು ಸುತ್ತಿ ಬೀದಿ, ಚರಂಡಿ, ಉದ್ಯಾನಗಳನ್ನು ಖುದ್ದಾಗಿ ನೋಡುತ್ತಿದ್ದ ದಿವಾನರ ಕಥೆಯನ್ನು ಹಳೆಯ ಬೆಂಗಳೂರಿಗರು ಅಕ್ಕರೆಯಿಂದ ಹೇಳುತ್ತಿದ್ದರು. ಅಜ್ಜ ಕುದುರೆ ಮಾರಿದ ಊರಲ್ಲಿ ಮೊಮ್ಮಗ ಕುದುರೆ ಏರಿ ದಿವಾನಗಿರಿ ಮಾಡಿದರು.

ಇದು ದೊಡ್ಡವರ ಮಾತಾಯಿತು. ಜಟಕಾ ಸಾಹೇಬರ ಪೂರ್ವಿಕರನ್ನು ನಾವು ಬೇರೆಡೆ ಹುಡುಕಬೇಕು. ಹೈದರ್ ಅಲಿ ಮತ್ತು ಟಿಪ್ಪುವಿನ ಅಶ್ವಸೈನ್ಯದಲ್ಲಿ ಎರಡು ಬಗೆಯ ಸವಾರರಿದ್ದರು. ಸರ್ಕಾರ ಅಥವಾ ಇನ್ನೊಬ್ಬರು ಕೊಟ್ಟ ಕುದುರೆಯನ್ನು ಏರುವವನು ಬಾರ್ಗೀರ. ಸ್ವಂತ ಕುದುರೆ, ಸ್ವಂತ ಆಯುಧದೊಂದಿಗೆ ಸೇವೆಗೆ ಬರುವವನು ಸಿಲೇದಾರ. ಸಿಲೇದಾರನಿಗೆ ಸಂಬಳ ಹೆಚ್ಚು, ಮರ್ಯಾದೆಯೂ ಹೆಚ್ಚು. ಆದರೆ ಕುದುರೆ ಸತ್ತರೆ ಅವನು ಏಕಕಾಲಕ್ಕೆ ಸಂಗಾತಿಯನ್ನೂ ಬಂಡವಾಳವನ್ನೂ ಉದ್ಯೋಗವನ್ನೂ ಕಳೆದುಕೊಳ್ಳುತ್ತಿದ್ದ. ಇದೇ ಕಾರಣಕ್ಕೆ ಸಿಲೇದಾರರು ಕುದುರೆಯನ್ನು ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಾರೆ ಎಂದು ಆ ಕಾಲದ ಸೇನಾಧಿಕಾರಿಗಳು ಗೊಣಗಿದ್ದುಂಟು. ಗೊಣಗಿದವರ ಕುದುರೆಗೆ ಹಣ ಕೊಟ್ಟವರು ಬೇರೆ, ಅದನ್ನೂ ನೆನಪಿಡಬೇಕು. ನಮ್ಮ ದೃಷ್ಟಿಯಲ್ಲಿ ಅದು ಹೇಡಿತನವಲ್ಲ. ಹೆಂಡತಿಯ ಒಡವೆ ಮಾರಿ ತಂದ ಪ್ರಾಣಿಯನ್ನು ಫಿರಂಗಿಯ ಬಾಯಿಗೆ ನೂಕುವ ಮುನ್ನ ಯಾರಾದರೂ ಒಮ್ಮೆ ಲಗಾಮು ಎಳೆದು ಹಿಡಿಯುತ್ತಾರೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ಕುದುರೆಯ ಹೆಸರು ತಾವೂಸ್, ಅಂದರೆ ನವಿಲು ಎಂದು ಚರಿತ್ರೆಕಾರರು ಬರೆದಿದ್ದಾರೆ. ಎದುರು ಪಕ್ಷದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯ ಅರಬ್ಬೀ ಕುದುರೆ ಡಯೊಮೆಡ್. ಅದನ್ನು ಅವನಿಗೆ ಕೊಟ್ಟವನು, 1798ರ ಕೊನೆಯಲ್ಲಿ ದ್ವಂದ್ವಯುದ್ಧದಲ್ಲಿ ಗಾಯಗೊಂಡು ಮರಣಶಯ್ಯೆಯಲ್ಲಿದ್ದ ಕರ್ನಲ್ ಆಸ್ಟನ್ ಎಂಬ ಗೆಳೆಯ. ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ ವಾಟರ್‌ಲೂ ಯುದ್ಧದಲ್ಲಿ ಏರಿದ ಕೋಪನ್‌ಹೇಗನ್ ಎಂಬ ಕುದುರೆ 1836ರಲ್ಲಿ ಸತ್ತಾಗ ಸೈನಿಕ ಮರ್ಯಾದೆಯೊಂದಿಗೆ ಅದನ್ನು ಹೂಳಲಾಯಿತು. ಇಂಗ್ಲೆಂಡಿನಲ್ಲಿ ಅದರ ಗೋರಿ ಕಲ್ಲು ಇದೆ. ಸರದಾರರ ಕುದುರೆಗಳು ಹೀಗೆ ಹೆಸರಿನೊಂದಿಗೆ ಇತಿಹಾಸ ಸೇರುತ್ತವೆ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಬ್ರಿಟಿಷರಿಗಾಗಿ ಸದಾ ಸಿದ್ಧವಾಗಿಡಬೇಕಾಗಿದ್ದ 4000 ಕುದುರೆಗಳಲ್ಲಿ ಒಂದರ ಹೆಸರೂ ನಮಗೆ ಸಿಕ್ಕಿಲ್ಲ.

ಮೈಸೂರು ಲ್ಯಾನ್ಸರ್‌ಗಳ ಕಥೆಯೂ ಅಷ್ಟೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರದ ಸವಾರರು ಭರ್ಜಿ ಹಿಡಿದು ಮೆಷಿನ್‌ಗನ್‌ಗಳ ಎದುರು ನುಗ್ಗಿ ಹೈಫಾ ನಗರವನ್ನು ಗೆದ್ದರು. ಮಡಿದ ಸವಾರರ ಸಂಖ್ಯೆ ಹತ್ತನ್ನೂ ಮೀರಲಿಲ್ಲ. ಇದನ್ನು ಪವಾಡವೆಂದು ಹೊಗಳಲಾಗಿದೆ. ಅದೇ ವರದಿಗಳ ಇನ್ನೊಂದು ಸಾಲನ್ನು ಓದಿದರೆ ಪವಾಡದ ಬೆಲೆ ತಿಳಿಯುತ್ತದೆ. ಸತ್ತ ಕುದುರೆಗಳು ಸುಮಾರು ಅರವತ್ತು, ಗಾಯಗೊಂಡವು ಎಂಬತ್ತಕ್ಕೂ ಹೆಚ್ಚು. ಬಿದ್ದ ಒಂದೊಂದು ಕುದುರೆಯ ಪಕ್ಕದಲ್ಲೂ ಒಬ್ಬ ಸವಾರ ಮಂಡಿಯೂರಿದ್ದಿರಬೇಕು, ಅವರಲ್ಲಿ ಕನ್ನಡ ಮಾತಾಡುವವರೂ ದಖನಿ ಮಾತಾಡುವವರೂ ಇದ್ದಿರಬೇಕು. ಯುದ್ಧ ಮುಗಿದ ಮೇಲೆ ಮಿತ್ರಪಡೆಗಳ ಹೆಚ್ಚುವರಿ ಕುದುರೆಗಳಲ್ಲಿ ಮುದಿಯಾದವುಗಳನ್ನು ಗುಂಡಿಟ್ಟು ಕೊಲ್ಲಲಾಯಿತು, ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿ ಮಾರಲಾಯಿತು. 1930ರಲ್ಲಿ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಮಹಿಳೆ, ಗಾಡಿ ಎಳೆದು ಜೀರ್ಣವಾಗಿದ್ದ ಅಂತಹ ಮುದಿ ಕುದುರೆಗಳನ್ನು ಬೀದಿಗಳಲ್ಲಿ ಕಂಡು ಚಂದಾ ಎತ್ತಿ ಕೊಂಡುಕೊಂಡರು. 1934ರಲ್ಲಿ ಅವುಗಳಿಗಾಗಿ ಒಂದು ಆಸ್ಪತ್ರೆ ತೆರೆದರು. ಆ ಕುದುರೆಗಳ ಮಾಲೀಕರು ಕ್ರೂರಿಗಳಲ್ಲ, ಕಡು ಬಡವರು ಎಂದು ಆಕೆ ಅರ್ಥ ಮಾಡಿಕೊಂಡಿದ್ದರು. ಹಾಗಾಗಿ ಕುದುರೆಗೆ ಬೆಲೆ ಕೊಟ್ಟೇ ಕೊಂಡರು.

ಪ್ರಾಣಿಯ ಹೆಸರನ್ನು ಕಲ್ಲಿನಲ್ಲಿ ಕೊರೆಯುವುದು ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ. ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ಸಿಗುವ ಮದ್ದೂರು ಸೀಮೆಯ ಆತಕೂರಿನಲ್ಲಿ, ಕ್ರಿ.ಶ. 949–50ರ ಶಾಸನವೊಂದು ದೊರೆತಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬಹುಮಾನ ಕೇಳಿಕೋ ಎಂದು ಗಂಗರ ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಂದಿಗೆ ಕಾದಾಡಿ ಆ ನಾಯಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗಾಗಿ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ನಾಡಿನ ವೀರಗಲ್ಲುಗಳಲ್ಲಿ ಕುದುರೆಗಳೂ ಬೇಕಾದಷ್ಟಿವೆ, ಕಾಲೆತ್ತಿ ನಿಂತಿವೆ, ಕತ್ತು ಬಾಗಿಸಿವೆ. ಆದರೆ ಕಲ್ಲು ಸವಾರನಿಗಾಗಿ ನೆಟ್ಟದ್ದು.

ಕುದುರೆಗೆ ಹೆಸರಿಡುವುದು ಮುಸ್ಲಿಮರ ಪರಂಪರೆಯಲ್ಲಿ ಬಹು ಹಳೆಯದು. ಪ್ರವಾದಿ ಮುಹಮ್ಮದ್(ಸ)ರ ಕುದುರೆಗಳ ಹೆಸರುಗಳನ್ನು ಚರಿತ್ರೆಕಾರರು ಜತನದಿಂದ ದಾಖಲಿಸಿದ್ದಾರೆ. ಸಕ್ಬ್ ಒಂದರ ಹೆಸರು, ಮುರ್ತಜಿಝ್ ಇನ್ನೊಂದರದ್ದು. ಅವರು ತಮ್ಮ ಮೇಲುವಸ್ತ್ರದಿಂದ ಕುದುರೆಯ ಮುಖ ಒರೆಸುತ್ತಿದ್ದುದನ್ನು ಕಂಡವರ ವರದಿ ಇಮಾಮ್ ಮಾಲಿಕರ ಹದೀಸ್ ಸಂಗ್ರಹದಲ್ಲಿದೆ. ಮುಹರ್ರಮ್‌ನಲ್ಲಿ ಶಿಯಾ ಬಾಂಧವರು ಮೆರವಣಿಗೆಯಲ್ಲಿ ನಡೆಸುವ ಸವಾರನಿಲ್ಲದ ಕುದುರೆ ಕರ್ಬಲಾದಲ್ಲಿ ಇಮಾಮ್ ಹುಸೇನರನ್ನು ಕಳೆದುಕೊಂಡ ಕುದುರೆಯ ನೆನಪು. ಅಲ್ಲಿ ಶೋಕಿಸುವುದು ಕುದುರೆ, ಅದನ್ನು ನೋಡಿ ಜನ ಅಳುತ್ತಾರೆ. ಕುದುರೆಗಾಗಿ ಸವಾರ ಅತ್ತದ್ದಕ್ಕೆ ಇಂತಹ ಮೆರವಣಿಗೆಯಿಲ್ಲ.

ಕೆಲವು ವರ್ಷಗಳ ಹಿಂದೆ ಗೋರಿಪಾಳ್ಯದ ಹಿರಿಯರೊಬ್ಬರು ತಮ್ಮ ಮೋತಿಯ ಕಥೆಯನ್ನು ನಮಗೆ ಹೇಳಿದರು. 1970ರ ದಶಕದವರೆಗೂ ಜಟಕಾ ಹೊಡೆದವರು. ಆ ಹೊತ್ತಿಗೆ ಕಸುಬು ಕ್ಷೀಣಿಸಿತ್ತು. ಬಸ್ಸುಗಳು 1956ರಲ್ಲಿ ಸರ್ಕಾರದ ವಶವಾಗಿ ಬಡಾವಣೆ ಬಡಾವಣೆಗೂ ಹರಡಿದ್ದವು. ಆಟೋರಿಕ್ಷಾ ಎಲ್ಲೆಡೆ ಬಂದಿತ್ತು. ಅವರ ಓರಗೆಯವರು ಲಗಾಮು ಬಿಟ್ಟು ಆಟೋದ ಹ್ಯಾಂಡಲ್ ಹಿಡಿದಾಗಿತ್ತು. ಇವರಿಗೆ ಆ ಮನಸ್ಸು ಬರಲಿಲ್ಲ.

ಮೋತಿ ಬಿಳಿಯ ಹೆಣ್ಣು ಕುದುರೆ. ಹನ್ನೊಂದು ವರ್ಷ ಅವರ ಗಾಡಿ ಎಳೆದಿತ್ತು. ಮಾಗಡಿ ರಸ್ತೆಯ ಏರಿನಲ್ಲಿ ತಾನಾಗಿ ನಿಂತು ಉಸಿರು ತೆಗೆದುಕೊಂಡು ಮತ್ತೆ ಹೊರಡುತ್ತಿತ್ತಂತೆ, ಹೇಳಬೇಕಿರಲಿಲ್ಲ. ಕೆಂಗೇರಿಗೆ ಮದುವೆ ದಿಬ್ಬಣದ ಬಾಡಿಗೆ ಸಿಕ್ಕಿದರೆ ಅಂದು ಹಬ್ಬ. ಅಲ್ಲಿ ನೀರು ಕುಡಿಸಿ, ನೆರಳಲ್ಲಿ ಬಿಚ್ಚಿ ಬಿಟ್ಟು, ಇವರು ಪಕ್ಕದಲ್ಲೇ ಹೆಗಲ ಟವೆಲು ಹಾಸಿ ಮಲಗುತ್ತಿದ್ದರು. ಅದೇ ಟವೆಲಿನಿಂದ ಅದರ ಮುಖದ ಬೆವರು ಒರೆಸುತ್ತಿದ್ದರು.

“ಒಂದು ರಾತ್ರಿ ಹೊಟ್ಟೆನೋವು ಬಂತು ಬೇಟಾ,” ಎಂದರು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಆದ್ದರಿಂದ ಹೊಟ್ಟೆಶೂಲೆ ಅದಕ್ಕೆ ದೊಡ್ಡ ಮೃತ್ಯು. ನೋವಿಗೆ ನೆಲಕ್ಕುರುಳಿ ಹೊರಳಾಡಿದರೆ ಕರುಳು ತಿರುಚಿಕೊಳ್ಳುತ್ತದೆ ಎಂದು ಅದನ್ನು ಮಲಗಗೊಡದೆ ನಡೆಸುತ್ತಾರೆ. ಇವರೂ ನಡೆಸಿದರು. ಇಂಗು, ಓಂಕಾಳು ಕುದಿಸಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿದರು. ಬೀದಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ರಾತ್ರಿಯಿಡೀ ನಡೆದರು. ನೆರೆಮನೆಯ ಗೌಡರ ಹುಡುಗ ಲಾಟೀನು ಹಿಡಿದು ಜೊತೆಗೆ ನಡೆದ. ಪಶು ಆಸ್ಪತ್ರೆಯ ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಫಜ್ರ್‌ನ ಅಝಾನ್ ಆಗುವಾಗ ಮೋತಿ ಮುಂಗಾಲು ಮಡಿಸಿ ಕೂತಿತು. ಮತ್ತೆ ಏಳಲಿಲ್ಲ.

“ನಮಾಝಿಗೆ ಹೋಗಬೇಕಿತ್ತು. ಅದರ ತಲೆ ನನ್ನ ಮಡಿಲಲ್ಲಿತ್ತು,” ಎಂದಷ್ಟೇ ಹೇಳಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾದರು. ನಾವೂ ಕೇಳಲಿಲ್ಲ.

ಗೋರಿಪಾಳ್ಯ ಎಂಬ ಹೆಸರಿನಲ್ಲೇ ಗೋರಿ ಇದೆ, ಕುದುರೆಗೆ ಅಲ್ಲಿ ಆರಡಿ ಜಾಗವಿಲ್ಲ. ಮಧ್ಯಾಹ್ನ ಕಾರ್ಪೊರೇಷನ್ ಲಾರಿ ಬಂತು. ಅದಕ್ಕೂ ಮೊದಲು ಇಬ್ಬರು ಬಂದು ಲಾಳ ಕೇಳಿದರಂತೆ, ಬಾಗಿಲಿಗೆ ಹೊಡೆದರೆ ಮನೆಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯಿಂದ. ಇವರು ಕೊಡಲಿಲ್ಲ. ಬಾಲ ತೋರಿಸಿದರೆ ಬೆಲೆ ಕೊಡುವ ಅರಸನೂ ಇರಲಿಲ್ಲ. ಕುದುರೆ ಕೊಳ್ಳಲು ತಂದ ಹಳೆಯ ಸಾಲದಲ್ಲಿ ಇನ್ನೂ ಬಾಕಿಯಿತ್ತು. ಮನೆಯವರು ಎರಡು ದಿನ ಒಲೆ ಹೊತ್ತಿಸಲಿಲ್ಲ. ನೆರೆಯವರ ಮನೆಯಿಂದ ಊಟ ಬಂತು, ಮನುಷ್ಯರು ಸತ್ತ ಮನೆಗೆ ಬರುವ ಹಾಗೆಯೇ. ಕುದುರೆ ಸತ್ತದ್ದಕ್ಕೆ ಇಷ್ಟೆಲ್ಲ ಏಕೆ ಎಂದು ನಕ್ಕವರೂ ಇದ್ದರಂತೆ. ಅವರ ಹೆಸರನ್ನು ಹಿರಿಯರು ಹೇಳಲಿಲ್ಲ.

ಮಾಗಡಿ ರಸ್ತೆ ಹಿಡಿದು ಮಾಗಡಿಯನ್ನು ದಾಟಿದರೆ ಕುಣಿಗಲ್. ಟಿಪ್ಪುವಿನ ಕಾಲದಿಂದ ಬಂದದ್ದೆಂದು ಹೇಳಲಾಗುವ ಕುದುರೆ ಫಾರಂ ಅಲ್ಲಿದೆ. ಅಶ್ವಸೈನ್ಯಕ್ಕೆ ಕುದುರೆ ಬೆಳೆಸಿದ ನೆಲ ಮುಂದೆ ರೇಸ್ ಕುದುರೆಗಳ ತವರಾಯಿತು. 1992ರಲ್ಲಿ ಅದನ್ನು ಖಾಸಗಿಯವರಿಗೆ ಮೂವತ್ತು ವರ್ಷಗಳ ಗುತ್ತಿಗೆಗೆ ಕೊಡಲಾಯಿತು. 2024ರಲ್ಲಿ ಆ ಜ಼ಮೀನಿನಲ್ಲಿ ಟೌನ್‌ಶಿಪ್ ಕಟ್ಟುವ ಯೋಜನೆಯ ಸುದ್ದಿ ಬಂದಾಗ ಪರಂಪರೆ ಉಳಿಸಿ ಎಂಬ ಕೂಗೆದ್ದಿತು. ಆ ಕೂಗು ನ್ಯಾಯವಾದದ್ದೇ. ಆದರೆ ಜಟಕಾ ನಿಲ್ದಾಣಗಳು ಒಂದೊಂದಾಗಿ ಮುಚ್ಚಿಹೋದಾಗ ಪರಂಪರೆಯ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಮೈಸೂರಿನಲ್ಲಿ ಪ್ರವಾಸಿಗರ ದಯೆಯಿಂದ ಟಾಂಗಾಗಳು ಒಂದಿಷ್ಟು ಉಳಿದುಕೊಂಡಿವೆ.

ಮೂರನೆಯ ದಿನ ಹಿರಿಯರು ಮತ್ತೆ ದುಡಿಮೆಗೆ ಹೊರಟರು. ಗಾಡಿ ತಮ್ಮದು, ಕುದುರೆ ಬೇರೊಬ್ಬ ಸಾಹೇಬರಿಂದ ಬಾಡಿಗೆಗೆ ತಂದದ್ದು. ರೈಲ್ವೆ ಸ್ಟೇಷನ್‌ನಿಂದ ರಾಜಾಜಿನಗರಕ್ಕೆ ಒಂದು ಸಂಸಾರ ಹತ್ತಿತು. ಏರು ಬಂದಲ್ಲಿ ಅಭ್ಯಾಸಬಲದಿಂದ “ಚಲೋ ಮೋತಿ” ಎಂದುಬಿಟ್ಟರು. ಹಿಂದೆ ಕುಳಿತಿದ್ದ ಪುಟ್ಟ ಹುಡುಗಿ, “ಇದರ ಹೆಸರು ಮೋತಿಯಾ ಸಾಬರೇ?” ಎಂದು ಕೇಳಿದಳಂತೆ.

“ಅಲ್ಲಮ್ಮ, ಇದರ ಹೆಸರು ನಾನಿನ್ನೂ ಕೇಳಿಲ್ಲ,” ಎಂದು ಹೇಳಿ ಅವರು ಗಾಡಿಯಿಂದಿಳಿದು, ಏರು ಮುಗಿಯುವವರೆಗೂ ಕುದುರೆಯ ಪಕ್ಕದಲ್ಲಿ ನಡೆದರು.